ಏಣಿ ಹಿಡಿದ ಅಭ್ಯರ್ಥಿ

ನಮ್ಮ ಯಜಮಾನರಿಗೆ ಹುಟ್ಟಿನಿಂದ ಯಾರ ಮೇಲೂ ಅನುಮಾನ ಇರಲಿಲ್ಲ. ತರಕಾರಿಯವಳು ಕೊಳೆತ ಟೊಮೇಟೊ ಹಾಕಿಕೊಟ್ಟರೂ ಥ್ಯಾಂಕ್ಸ್ ಹೇಳಿ ಹೊತ್ತುಕೊಂಡು ಬರುವ ಜೀವ. ಅಂಥವರಿಗೆ, ಈ ಲೋಕದಲ್ಲಿ ಯಾರೂ ಅವರು ಕಾಣುವ ಹಾಗೆ ಇಲ್ಲ ಎಂಬ ಜ್ಞಾನೋದಯ ಮಾಡಿಸಿದ ಪುಣ್ಯ ನನ್ನ ತಮ್ಮನದು.

ಅವರು ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದ ಛತ್ರಿ ಕಂಪನಿ ಬೇಸಿಗೆಯಲ್ಲಿ ಬಾಗಿಲು ಹಾಕಿತು. ಮಳೆ ಬಂದಾಗಲೂ ತೆರೆಯಲಿಲ್ಲ. ಕೆಲಸವಿಲ್ಲದ ಮಾರ್ಕೆಟಿಂಗ್ ಮನುಷ್ಯ ಹಗಲೆಲ್ಲ ಮನೆಯಲ್ಲಿದ್ದರೆ ಏನಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ನಾನು ಒಲೆ ಮುಂದೆ ನಿಂತರೆ ಹಿಂದೆ ಬಂದು, "ಇವತ್ತಿನ ಅಡುಗೆಯ ಗುರಿ ಗ್ರಾಹಕರು ಯಾರು?" ಎಂದು ಕೇಳುವರು. ಮಗಳ ಗಣಿತದ ಪುಸ್ತಕದ ಮೇಲೆ ಘೋಷವಾಕ್ಯ ಬರೆದುಕೊಟ್ಟು ಅವಳನ್ನು ಟೀಚರ್ ಕೈಲಿ ಬೈಸಿದರು. ಹಾಲಿನವನಿಗೆ, "ನೀವು ಮಾರ್ತಿರೋದು ಹಾಲಲ್ಲ, ಬೆಳಗು" ಅಂದರು. ಅವನು ಮಾರನೇ ದಿನವೇ ಬೆಲೆ ಏರಿಸಿದ.

ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನವಳು. ಬಂದವರನ್ನು ಕೂರಿಸಿ, ಯಾವ ಹಲ್ಲು ಅಂತ ವಿಚಾರಿಸಿ, ಒಳಗಿನ ಯಂತ್ರದ ಸದ್ದು ಹೊರಗಿನವರ ಕಿವಿಗೆ ಬೀಳದ ಹಾಗೆ ಟಿ.ವಿ. ಜೋರು ಮಾಡುವುದು ನನ್ನ ಉದ್ಯೋಗ.

ನನ್ನ ತಮ್ಮನದು ಪರದೆ ಅಂಗಡಿ. ಒಂದು ಭಾನುವಾರ ಬಂದವನೇ ಕಾಲು ಚಾಚಿ ಕೂತು, "ಭಾವ, ಸುಮ್ನೆ ಯಾಕೆ ಮನೇಲಿ ಕೂತ್ಕೊಂಡು ಅಕ್ಕನ ತಲೆ ತಿಂತೀರಿ? ನಮ್ಮ ಅಂಗಡಿಗೆ ಬನ್ನಿ. ಸ್ಟೂಲ್ ಹತ್ತಿ ಪರದೆ ಎತ್ತಿ ಹಿಡಿದು ನಿಲ್ಲೋಕೆ ಒಬ್ಬರು ಬೇಕು. ನೀವು ಎತ್ತರಾನೂ ಇದ್ದೀರಿ" ಎಂದ.

ಯಜಮಾನರ ಮುಖ ಒಗೆದು ಹಿಂಡಿದ ಹಾಗಾಯಿತು. ಹೆಂಡತಿಯ ತಮ್ಮ ಕೆಳಗೆ ನಿಂತು "ಭಾವ, ಇನ್ನೂ ಮೇಲೆ, ಭಾವ, ಸ್ವಲ್ಪ ಎಡಕ್ಕೆ" ಅನ್ನುವುದನ್ನು ಗಿರಾಕಿಗಳ ಮುಂದೆ ಕೇಳಿಸಿಕೊಳ್ಳುವ ಬದಲು ಛತ್ರಿ ಹಿಡಿದುಕೊಂಡು ಮಹಡಿಯಿಂದ ಹಾರುವುದು ವಾಸಿ ಎಂದು ಅಡುಗೆಮನೆಗೆ ಬಂದು ಪಿಸುಗುಟ್ಟಿದರು. ಛತ್ರಿ ಅವರದೇ ಕಂಪನಿಯದಾದ್ದರಿಂದ ನಾನು ಬೇಡ ಎಂದೆ.

ಅದೇ ವಾರ ಊಟದ ಡಬ್ಬಿ ಮಾಡುವ ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು. ಮಾರ್ಕೆಟಿಂಗ್ ಮ್ಯಾನೇಜರ್ ಹುದ್ದೆ.

ಆ ಕಂಪನಿಯ ಡಬ್ಬಿಯ ಬಗ್ಗೆ ಎರಡು ಮಾತು ಹೇಳಬೇಕು. ನೋಡಲು ಬಲು ಚೆಂದ. ಸೋರುವುದಿಲ್ಲ. ಯಾಕೆ ಸೋರುವುದಿಲ್ಲ ಅಂದರೆ ತೆರೆಯುವುದಿಲ್ಲ. ನಮ್ಮ ಮಗಳು ಬೆಳಿಗ್ಗೆ ತೆಗೆದುಕೊಂಡು ಹೋದ ಊಟವನ್ನು ಸಂಜೆ ಹಾಗೇ ವಾಪಸ್ ತರುವಳು. ಡಬ್ಬಿ ತೆಗೆಸಿಕೊಳ್ಳಲು ಅವರ ತರಗತಿಯಲ್ಲಿ ಪಿ.ಟಿ. ಮೇಷ್ಟ್ರ ಮುಂದೆ ಸಾಲು ನಿಲ್ಲುತ್ತದೆ, ಸಾಲು ಮುಗಿಯುವುದರೊಳಗೆ ಗಂಟೆ ಹೊಡೆಯುತ್ತದೆ. ತಾಳ್ಮೆಯಿಲ್ಲದ ಮಕ್ಕಳು ಹಲ್ಲಿನಿಂದ ಎಳೆದು ನೇರವಾಗಿ ನಮ್ಮ ಕ್ಲಿನಿಕ್ಕಿಗೆ ಬರುತ್ತಾರೆ. ನಮ್ಮ ಡಾಕ್ಟರಿಗೆ ಆ ಕಂಪನಿಯ ಮೇಲೆ ಅಪಾರ ಗೌರವ.

ಸಂದರ್ಶನದ ಸುದ್ದಿ ಕೇಳಿ ತಮ್ಮ ಓಡೋಡಿ ಬಂದ. ಈ ವಿಷಯದಲ್ಲಿ ಅವನಷ್ಟು ಅನುಭವ ನಮ್ಮ ವಂಶದಲ್ಲೇ ಯಾರಿಗೂ ಇಲ್ಲ. ಪರದೆ ಅಂಗಡಿ ಹಾಕುವ ಮುಂಚೆ ಲೆಕ್ಕವಿಲ್ಲದಷ್ಟು ಸಂದರ್ಶನಗಳಿಗೆ ಹೋಗಿದ್ದ. ಒಂದರಲ್ಲೂ ಆಯ್ಕೆಯಾಗದ ಕಾರಣ ಅನುಭವ ಎಲ್ಲೂ ನಿಲ್ಲದೆ ಬೆಳೆದಿತ್ತು.

"ಭಾವ, ಒಂದು ಗುಟ್ಟು ಹೇಳ್ತೀನಿ. ಸಂದರ್ಶನ ನಡೆಯೋದು ಆ ಕೋಣೇಲಿ ಅಂದ್ಕೊಂಡಿದ್ದೀರಾ? ಸುಳ್ಳು. ಅದು ಗೇಟಲ್ಲೇ ಶುರುವಾಗುತ್ತೆ. ಈಗಿನ ದೊಡ್ಡ ಕಂಪನಿಗಳಲ್ಲಿ ಬಾಸ್‌ಗಳೇ ವೇಷ ಹಾಕ್ಕೊಂಡು ಕೂತಿರ್ತಾರೆ. ವಾಚ್‌ಮನ್ ಅಂದ್ಕೋತೀರಿ, ಅವನೇ ಡೈರೆಕ್ಟರ್. ನೆಲ ಒರೆಸೋಳು ಅಂದ್ಕೋತೀರಿ, ಅವರೇ ಮಾಲೀಕರ ಹೆಂಡ್ತಿ. ನೀವು ಅವರ ಜೊತೆ ಹೇಗೆ ನಡ್ಕೋತೀರಿ ಅಂತ ನೋಡಿ ಅಲ್ಲೇ ತೀರ್ಮಾನ ಆಗಿಹೋಗಿರುತ್ತೆ."

"ಹಾಗಾದ್ರೆ ಕೋಣೇಲಿ ಕೂತಿರೋರು?"

"ಅವರೂ ನಾಟಕ. ಏನು ಕೇಳಿದ್ರೂ ಅದರ ಹಿಂದೆ ಇನ್ನೊಂದು ಇರುತ್ತೆ. ಪ್ರತಿಸ್ಪರ್ಧಿ ಬಗ್ಗೆ ಕೇಳಿದ್ರೆ ಹೊಗಳಿ, ದೊಡ್ಡ ಮನಸ್ಸು ಇದೆಯಾ ಅಂತ ಪರೀಕ್ಷೆ ಅದು. ಐದು ವರ್ಷ ಆದ್ಮೇಲೆ ಎಲ್ಲಿರ್ತೀರಿ ಅಂದ್ರೆ ಧೈರ್ಯವಾಗಿ ಅವರ ಕುರ್ಚಿ ತೋರಿಸಿ. ಈಗಿಂದ್ಲೇ ಅಭ್ಯಾಸ ಮಾಡಿ."

ಅಭ್ಯಾಸ ಮರುದಿನ ಬೆಳಿಗ್ಗೆಯೇ ಶುರುವಾಯಿತು. ಕಸದ ಗಾಡಿ ಬಂದಾಗ ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಕೈ ಮುಗಿದು, "ತಾವಿಲ್ಲದಿದ್ರೆ ಈ ಬೀದಿಯೇ ಇಲ್ಲ" ಎಂದರು. ಅವನು ಗಾಡಿ ನಿಲ್ಲಿಸಿ ನನ್ನನ್ನು ಪಕ್ಕಕ್ಕೆ ಕರೆದು, "ಯಾಕಮ್ಮಾ, ಸಾರ್‌ಗೆ ಹುಷಾರಿಲ್ವಾ?" ಎಂದು ಮೆಲ್ಲಗೆ ವಿಚಾರಿಸಿದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಈ ಸುದ್ದಿ ಮುಟ್ಟಿದ್ದೇ ತಡ, ತಮ್ಮ ಕಬ್ಬಿಣದ ಬೀರುವನ್ನು ಇವರ ಕೈಲಿ ಮಹಡಿಗೆ ಸಾಗಿಸಿದರು. ಅಲ್ಲಿ ನೋಡಿ, ಕೆಳಗಿದ್ದಾಗಲೇ ಚೆನ್ನಾಗಿತ್ತು ಎಂದರು. ಇವರು ಅದನ್ನು ಮತ್ತೆ ಇಳಿಸಿ, ಏದುಸಿರು ಬಿಡುತ್ತ, "ನಿರ್ಧಾರ ಬದಲಿಸೋಕೂ ಒಂದು ಧೈರ್ಯ ಬೇಕು ಸರ್, ಅದು ನಿಮ್ಮಲ್ಲಿದೆ" ಎಂದು ಹೊಗಳಿ ಬಂದರು.

ನಮ್ಮ ಅತ್ತೆಗೆ ಗಾಬರಿ ಹತ್ತಿತು. "ಏ, ಇಲ್ಲಿ ಬಾರೇ" ಎಂದು ನನ್ನನ್ನು ಕರೆದು, "ನನ್ನ ಮಗ ಊಟ ಮಾಡಿದ ತಟ್ಟೇನ ತಾನೇ ತೊಳೆದಿಟ್ಟ ಕಣೇ. ಅವನಪ್ಪನ ಕಡೆ ಯಾರಿಗೂ ಈ ಕಾಯಿಲೆ ಇರ್ಲಿಲ್ಲ" ಎಂದರು.

"ನಮ್ಮ ಕಡೇನೂ ಇಲ್ಲ ಅತ್ತೆ. ಇದ್ದಷ್ಟು ದಿನ ಇರ್ಲಿ ಬಿಡಿ" ಎಂದೆ.

ಮುಂದೆ ನಡೆದದ್ದರಲ್ಲಿ ಅರ್ಧ ಯಜಮಾನರು ಹೇಳಿದ್ದು, ಅರ್ಧ ಬೇರೆ ಕಡೆಯಿಂದ ನನಗೆ ತಿಳಿದದ್ದು. ಎರಡೂ ಹೊಂದದ ಕಡೆಗಳಲ್ಲಿ ಹೆಂಡತಿ ಎಂಬ ಅಧಿಕಾರವನ್ನು ಬಳಸಿಕೊಂಡಿದ್ದೇನೆ.

ಸಂದರ್ಶನದ ದಿನ ಗೇಟಿನಲ್ಲಿ ವಾಚ್‌ಮನ್, "ಎಲ್ಲಿಗೆ?" ಎಂದ. ಯಜಮಾನರು ಅವನ ಎರಡೂ ಕೈ ಹಿಡಿದುಕೊಂಡು, "ನಾನು ಎಲ್ಲಿಗೆ ಅನ್ನೋದು ಮುಖ್ಯ ಅಲ್ಲ. ನೀವು ಹೇಗಿದ್ದೀರಿ? ಇಲ್ಲಿ ಎಲ್ಲರೂ ನಿಮಗೆ ಮರ್ಯಾದೆ ಕೊಡ್ತಾರಾ? ಕುರ್ಚಿ ಯಾಕೆ ಮುರಿದಿದೆ?" ಎಂದು ಕೇಳಿದರು.

ವಾಚ್‌ಮನ್‌ಗೆ ಬೆವರು ಕಿತ್ತುಕೊಂಡಿತು. ಯಾಕೆಂದರೆ ಆ ವಾರ ಹೆಡ್ ಆಫೀಸಿನಿಂದ ಹೊಸ ಮುಖ್ಯಸ್ಥರು ಬರುವವರಿದ್ದರು. ಅವರು ಯಾವ ಕ್ಷಣದಲ್ಲಾದರೂ ಹೇಳದೆ ಕೇಳದೆ ಬರಬಹುದು, ಹುಷಾರು ಎಂದು ಎಲ್ಲರಿಗೂ ತಾಕೀತು ಆಗಿತ್ತು. ಅವರನ್ನು ಯಾರೂ ನೋಡಿರಲಿಲ್ಲ. ವಾಚ್‌ಮನ್ ಸಲಾಮು ಹೊಡೆದು, ಇವರು ಬೆನ್ನು ತಿರುಗಿಸಿದ ಕೂಡಲೇ ಒಳಗೆ ಫೋನ್ ಮಾಡಿದ.

ಒಳಗೆ ವಿದ್ಯುತ್ ರಿಪೇರಿಯವನೊಬ್ಬ ಏಣಿ ಹತ್ತಿ ದೀಪ ಬದಲಿಸುತ್ತಿದ್ದ. "ಸಾರ್, ಸ್ವಲ್ಪ ಏಣಿ ಹಿಡ್ಕೋತೀರಾ? ಅಲ್ಲಾಡ್ತಿದೆ" ಎಂದ. ಯಜಮಾನರಿಗೆ ರೋಮಾಂಚನವಾಯಿತು. ಇವನೇ! ಕೈಚೀಲ ನೆಲಕ್ಕೆ ಹಾಕಿ, ಏಣಿಯನ್ನು ಮಗುವಿನ ಹಾಗೆ ತಬ್ಬಿಕೊಂಡರು. ರಿಸೆಪ್ಷನ್ ಹುಡುಗಿ ಬಂದು, "ಸರ್, ಸಂದರ್ಶನಕ್ಕೆ ತಮ್ಮನ್ನ ಕರೀತಿದ್ದಾರೆ" ಎಂದಳು.

"ಅವರು ಕಾಯ್ತಾರೆ. ಮೊದಲು ಇವರು ಇಳೀಲಿ. ಈ ದೀಪ ಕೆಟ್ಟು ಎಷ್ಟು ದಿನ ಆಯ್ತು?"

ಆ ಪ್ರಶ್ನೆ ಅವರು ಸುಮ್ಮನೆ ಮಾತಿಗೆ ಕೇಳಿದ್ದು. ಅದು, ಹೊಸ ಮುಖ್ಯಸ್ಥರು ಅಭ್ಯರ್ಥಿಯ ವೇಷದಲ್ಲಿ ಬಂದಿದ್ದಾರೆ ಎಂಬ ಸುದ್ದಿಯ ಸಮೇತ, ಲಿಫ್ಟಿಗಿಂತ ಬೇಗ ಮೇಲಿನ ಮಹಡಿ ತಲುಪಿತು.

ಕೋಣೆಯಲ್ಲಿದ್ದವರು ತಮ್ಮ ಮೇಜು ಸರಿಪಡಿಸಿಕೊಳ್ಳುವವರೆಗೆ ಯಜಮಾನರನ್ನು ಮೆತ್ತನೆಯ ಸೋಫಾದ ಮೇಲೆ ಕೂರಿಸಿದರು. ಪಕ್ಕದಲ್ಲಿ ಇನ್ನೊಬ್ಬ ಅಭ್ಯರ್ಥಿ, ಮಡಿಲಲ್ಲಿ ಕೆಂಪು ಚೀಲ ಇಟ್ಟುಕೊಂಡ ಹೆಂಗಸು. ಹಿಮ್ಮಡಿ ಉಜ್ಜುತ್ತಿದ್ದ ಒಂದು ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು ಬಾಯಿ ತುಂಬಾ ಆಕಳಿಸುತ್ತಿದ್ದಳು. ಯಜಮಾನರು ಒಮ್ಮೆ ನೋಡಿದವರೇ ತೀರ್ಮಾನಿಸಿದರು. ವೇಷದಲ್ಲಿರುವ ಯಾವ ಬಾಸೂ ಚಪ್ಪಲಿ ಬಿಚ್ಚುವುದಿಲ್ಲ. ಇಡೀ ಕಟ್ಟಡದಲ್ಲಿ ಇವಳೊಬ್ಬಳೇ ಅಸಲಿ. ಹಾಗಾಗಿ ಇವಳೊಬ್ಬಳ ಹತ್ತಿರ ನಾಟಕ ಬೇಕಿಲ್ಲ.

"ನೋಡಮ್ಮಾ, ನೀವು ಸುಮ್ನೆ ಮನೆಗೆ ಹೋಗಿ. ಇದೂ ಒಂದು ಕಂಪನೀನಾ? ನನ್ನ ಮಗಳು ದಿನಾ ಉಪವಾಸ ಬರ್ತಾಳೆ. ಬಾವಿ ಮುಚ್ಚೋ ಹಾಗೆ ಮುಚ್ಚಳ ಮಾಡಿದ್ದಾರೆ. ಇಂಥದ್ದನ್ನ ಯಾರಿಗೆ ಮಾರೋದು? ಮಾನ ಇರೋರು ಇಲ್ಲಿ ಕೆಲಸ ಮಾಡ್ತಾರಾ?"

"ನನ್ನ ಮಗನಿಗೆ ಡಬ್ಬಿ ಜೊತೆ ಚಮಚ ಹಾಕಲ್ಲ, ಸ್ಕ್ರೂಡ್ರೈವರ್ ಹಾಕ್ತೀನಿ" ಎಂದಳು ಆಕೆ. "ಅದಿರ್ಲಿ, ಹಾಗಾದ್ರೆ ನೀವ್ಯಾಕೆ ಬಂದಿದ್ದೀರಿ?"

"ನನ್ನ ವಿಷಯ ಬೇರೆ. ನನಗೆ ಪರದೆ ಹಿಡಿಯೋಕೆ ಇಷ್ಟ ಇಲ್ಲ" ಎಂದರು ಯಜಮಾನರು. ಆಕೆ ಒಂದು ಚಪ್ಪಲಿಯ ಸಮೇತ ಸ್ವಲ್ಪ ದೂರ ಸರಿದು ಕೂತಳು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಸಂದರ್ಶನ ಮಾಡಬೇಕಾದ ಮೂವರೂ ತಾವಾಗಿ ಎದ್ದು ಬಂದು ಯಜಮಾನರನ್ನು ಒಳಗೆ ಕರೆದುಕೊಂಡು ಹೋದರು. ಒಬ್ಬರು ಮಾರ್ಕೆಟಿಂಗ್ ಮುಖ್ಯಸ್ಥರು. ಇನ್ನೊಬ್ಬರು ಸಿಬ್ಬಂದಿ ವಿಭಾಗದ ಮೇಡಂ. ಮೂರನೆಯವರು ಯಾರೆಂದು ಕೊನೆಯವರೆಗೂ ತಿಳಿಯಲಿಲ್ಲ. ತಲೆ ಆಡಿಸುವುದು ಅವರ ಇಲಾಖೆ ಇರಬೇಕು.

"ಸರ್, ತಾವು ಅಪ್ಪಣೆ ಕೊಟ್ರೆ ಒಂದೆರಡು ಪ್ರಶ್ನೆ ಕೇಳಬಹುದಾ?" ಎಂದರು ಮುಖ್ಯಸ್ಥರು.

ಎಂಥ ಸೂಕ್ಷ್ಮವಾದ ಬಲೆ, ಎಂದುಕೊಂಡರು ಯಜಮಾನರು. "ನನ್ನನ್ನ ಕೇಳೋದು ಹಾಗಿರ್ಲಿ. ನಾನು ಬಂದಿರೋದು ನಿಮ್ಮಿಂದ ಕಲಿಯೋಕೆ. ನಿಮ್ಮ ಕೆಲಸ ಹೇಗೆ ನಡೀತಿದೆ, ಮನಸ್ಸು ಬಿಚ್ಚಿ ಹೇಳಿ."

ಮುಖ್ಯಸ್ಥರು ನೀರು ಕುಡಿದರು.

"ಸರ್, ಹೋದ ವರ್ಷದ ಜಾಹೀರಾತು ನನ್ನ ಕಲ್ಪನೆ ಅಲ್ಲ. 'ನಾವು ಡಬ್ಬಿ ಮಾರಲ್ಲ, ತಾಯಿಯ ಅಪ್ಪುಗೆ ಮಾರ್ತೀವಿ' ಅನ್ನೋದು ಈ ಮೇಡಂದು."

"ಅಪ್ಪುಗೆ ನಂದು ಸರ್, ಒಪ್ಕೋತೀನಿ" ಎಂದರು ಮೇಡಂ. "ಆದ್ರೆ ಮುಚ್ಚಳ ನಂದಲ್ಲ. ಅಪ್ಪುಗೆ ಅಷ್ಟು ಬಿಗಿ ಇರಬಾರದು ಅಂತ ಮೀಟಿಂಗಲ್ಲೇ ಹೇಳಿದ್ದೆ. ಇವರು ಕೇಳಲಿಲ್ಲ."

ಮೂರನೆಯವರು ಇಬ್ಬರಿಗೂ ತಲೆ ಆಡಿಸಿದರು.

ಮುಚ್ಚಳದ ಮಾತು ಬಂದದ್ದೇ ಯಜಮಾನರು ಜಾಗೃತರಾದರು. ಕಂಪನಿಯ ಮೇಲಿನ ನಿಷ್ಠೆಯ ಪರೀಕ್ಷೆ! "ಆ ಮುಚ್ಚಳದ ಬಗ್ಗೆ ಯಾರೂ ಏನೂ ಹೇಳಬೇಡಿ. ಅದು ಅದ್ಭುತ. ನಮ್ಮ ಮನೇಲಿ ಪ್ರತಿದಿನ ಅದರದ್ದೇ ಮಾತು" ಎಂದರು. ಮಾತೇನೋ ನಿಜ. ಆ ಮಾತುಗಳು ಯಾವುವು ಎಂಬುದನ್ನು ಮಾತ್ರ ಹೇಳಲಿಲ್ಲ.

ಮೂವರೂ ನಿಟ್ಟುಸಿರು ಬಿಟ್ಟರು. ಇನ್ನಷ್ಟು ಮೆಚ್ಚಿಸಬೇಕೆಂದು ಮುಖ್ಯಸ್ಥರು, "ಸರ್, ಐದು ವರ್ಷದ ಮೇಲೆ ತಾವು ಎಲ್ಲಿ..." ಎಂದು ಶುರುಮಾಡಿದ್ದೇ, ಯಜಮಾನರು ನನ್ನ ತಮ್ಮನ ಪಾಠ ನೆನೆದು, ಬೆರಳು ಚಾಚಿ, "ಆ ಕುರ್ಚಿಯಲ್ಲಿ" ಎಂದರು.

ಮುಖ್ಯಸ್ಥರು ತಟ್ಟನೆ ಎದ್ದು ನಿಂತರು. "ಐದು ವರ್ಷ ಯಾಕೆ ಸರ್, ಈಗಲೇ ಕೂತ್ಕೊಳ್ಳಿ" ಎಂದು ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೊಟ್ಟರು. ಯಜಮಾನರು ಕೂತರು. ಕೂರದಿದ್ದರೆ ನಾಯಕತ್ವ ಗುಣ ಇಲ್ಲ ಅಂದುಕೊಂಡಾರು. ಅಲ್ಲಿಂದ ಮುಂದೆ ಮುಖ್ಯಸ್ಥರು ನಿಂತುಕೊಂಡೇ ಮಾತಾಡಿದರು.

"ಕೊನೇದಾಗಿ ಸರ್, ಹೊರಗೆ ಕೂತಿದ್ದಾರಲ್ಲ, ಕೆಂಪು ಚೀಲದವರು. ಅವರ ಜೊತೆ ತಾವು ಮಾತಾಡಿದ್ದನ್ನ ನೋಡಿದ್ವಿ. ಈ ಮ್ಯಾನೇಜರ್ ಹುದ್ದೆಗೆ ಅವರು ಹೇಗೆ? ತಮ್ಮ ಅಭಿಪ್ರಾಯ ಗೊತ್ತಾದ್ರೆ ನಮಗೂ ದಾರಿ ಆಗುತ್ತೆ."

ಪ್ರತಿಸ್ಪರ್ಧಿಯನ್ನು ಹೊಗಳಿ, ದೊಡ್ಡ ಮನಸ್ಸಿನ ಪರೀಕ್ಷೆ ಅದು. ಯಜಮಾನರು ಕಣ್ಣು ಮುಚ್ಚಿ ಮಾತಿನ ಕೊಡ ಬೋರಲು ಹಾಕಿದರು. "ಅವರಾ? ಅಂಥವರು ಸಿಗೋದು ನಿಮ್ಮ ಪುಣ್ಯ. ಸರಳತೆ ನೋಡಿ, ಒಂದೇ ಚಪ್ಪಲೀಲಿ ಕೂತಿದ್ದಾರೆ. ಗ್ರಾಹಕರ ಕಷ್ಟ ಬಲ್ಲವರು. ಇದ್ದದ್ದು ಇದ್ದಹಾಗೆ ಹೇಳ್ತಾರೆ. ನನ್ನನ್ನ ಕೇಳಿದ್ರೆ, ಈ ಹುದ್ದೆಗೆ ಅವರನ್ನ ಬಿಟ್ಟು ಇನ್ನೊಬ್ಬರನ್ನ ನೋಡೋದೇ ತಪ್ಪು."

ಮೂವರೂ ಚಪ್ಪಾಳೆ ತಟ್ಟಿದರು. ಯಜಮಾನರು ಹೊರಗೆ ಬಂದಾಗ ಆಕೆಯನ್ನು ಒಳಗೆ ಕರೆದು, ಒಂದು ಪ್ರಶ್ನೆಯನ್ನೂ ಕೇಳದೆ, ಯಾವತ್ತಿನಿಂದ ಬರುತ್ತೀರಿ ಎಂದು ಮಾತ್ರ ವಿಚಾರಿಸಿದರಂತೆ. ಇವರನ್ನು ಕಂಪನಿಯ ಕಾರಿನಲ್ಲೇ ಮನೆಗೆ ಕಳಿಸಿಕೊಟ್ಟರು.

ನಮ್ಮ ಬೀದಿಗೆ ಅಷ್ಟು ಉದ್ದದ ಕಾರು ಅಲ್ಲಿಯವರೆಗೂ ಬಂದಿರಲಿಲ್ಲ, ತಿರುಗಿಸಲು ಜಾಗವೇ ಇಲ್ಲ. ಡ್ರೈವರ್ ಇಳಿದು ಬಾಗಿಲು ತೆರೆದದ್ದನ್ನು ಇಡೀ ಬೀದಿ ಕಿಟಕಿಯಿಂದ ನೋಡಿತು. ನಿವೃತ್ತ ಮೇಷ್ಟ್ರು, ತಾವು ಬೀರು ಹೊರಿಸಿದ್ದು ವ್ಯಕ್ತಿತ್ವ ವಿಕಾಸಕ್ಕಾಗಿ ಎಂದು ಎಲ್ಲರಿಗೂ ಹೇಳಿಕೊಂಡು ಬಂದರು. ಅತ್ತೆ, "ನನ್ನ ಮಗನ ಕಾಯಿಲೆ ದೊಡ್ಡ ಮನುಷ್ಯರ ಕಾಯಿಲೆ ಕಣೇ" ಎಂದರು. ನನ್ನ ತಮ್ಮನಂತೂ ನೆಲಕ್ಕೆ ಕಾಲೇ ಊರಲಿಲ್ಲ.

"ನೋಡಿದ್ಯಾ ಅಕ್ಕ, ಯಾರ ಪಾಠ! ಪರದೆ ಹಿಡಿಯೋ ಕೆಲಸಕ್ಕೆ ಇವತ್ತೇ ಬೇರೆಯವರನ್ನ ಇಟ್ಕೊಂಡೆ. ಮ್ಯಾನೇಜರ್ ಭಾವನ್ನ ಸ್ಟೂಲ್ ಹತ್ತಿಸೋಕಾಗುತ್ತಾ?"

ನಮಗಿದ್ದ ಒಂದೇ ಒಂದು ಬದಲಿ ಕೆಲಸವೂ ಹೀಗೆ ಸಂಭ್ರಮದಲ್ಲಿ ಕೊಚ್ಚಿಕೊಂಡು ಹೋಯಿತು.

ಮುಂದಿನ ವಾರ ನಿಜವಾದ ಹೊಸ ಮುಖ್ಯಸ್ಥರು ಬಂದರು. ವೇಷ ಗೀಷ ಏನೂ ಇಲ್ಲ. ಮುಂದೊಂದು ಕಾರು, ಹಿಂದೊಂದು ಕಾರು. ಏಣಿ ಹಿಡಿಯುವುದು ಹಾಗಿರಲಿ, ಲಿಫ್ಟಿನ ಗುಂಡಿಯನ್ನೂ ಬೇರೆಯವರ ಕೈಲಿ ಒತ್ತಿಸಿದರಂತೆ. ಅವತ್ತು ಸಂಜೆ ನನ್ನ ತಮ್ಮನೂ ಇದ್ದಾಗ ನಮ್ಮ ಮನೆಗೆ ಸಿಬ್ಬಂದಿ ವಿಭಾಗದ ಮೇಡಂ ಫೋನ್ ಮಾಡಿದರು. ಯಜಮಾನರು ಎಲ್ಲರಿಗೂ ಕೇಳಿಸಲಿ ಎಂದು ಫೋನನ್ನು ಸ್ಪೀಕರಿಗೆ ಹಾಕಿದರು.

"ತಾವು... ಹೆಡ್ ಆಫೀಸ್‌ನವರಲ್ವಾ?"

ಪ್ರಾಮಾಣಿಕತೆಯ ಪರೀಕ್ಷೆ ಎಂದು ನಮಗೆಲ್ಲ ಕಣ್ಣು ಮಿಟುಕಿಸಿ, "ಅಲ್ಲ ಮೇಡಂ" ಎಂದರು.

"ಮತ್ತೆ ಯಾರು?"

"ಅಭ್ಯರ್ಥಿ."

"ಹಾಗಾದ್ರೆ ಏಣಿ ಯಾಕ್ರೀ ಹಿಡಿದ್ರಿ?"

"ಅವರು ಬೀಳಬಾರದು ಅಂತ."

"ಕುರ್ಚಿ ಮೇಲೆ ಯಾಕ್ರೀ ಕೂತ್ರಿ?"

"ನಿಮ್ಮ ಮುಖ್ಯಸ್ಥರೇ ಒರೆಸಿಕೊಟ್ರಲ್ಲ ಮೇಡಂ!"

ಫೋನ್ ಕಟ್ಟಾಯಿತು. "ಇದೂ ಪರೀಕ್ಷೇನಾ ಮಾವ?" ಎಂದು ನನ್ನ ತಮ್ಮನನ್ನು ಕೇಳಿದಳು ಮಗಳು. ಅವನಿಗೆ ಅಂಗಡಿಯಲ್ಲಿ ತುರ್ತು ಕೆಲಸ ನೆನಪಾಯಿತು.

ನಾಲ್ಕು ದಿನ ಯಜಮಾನರು ಯಾರಿಗೂ ನಮಸ್ಕಾರ ಮಾಡಲಿಲ್ಲ. ಊಟದ ತಟ್ಟೆ ಮತ್ತೆ ಮೇಜಿನ ಮೇಲೇ ಒಣಗತೊಡಗಿತು. ಕಸದ ಗಾಡಿಯವನು, "ಸಾರ್ ಹುಷಾರಾದ್ರಾ?" ಎಂದು ಕೇಳಿ ಸಂತೋಷಪಟ್ಟ. ನಾನು ಕ್ಲಿನಿಕ್ಕಿನಲ್ಲಿ ಸಂಜೆಯ ಪಾಳಿಯನ್ನೂ ಒಪ್ಪಿಕೊಂಡೆ.

ಆ ಸಂಜೆಯ ಪಾಳಿಯಲ್ಲೇ ಒಬ್ಬ ಹೆಂಗಸು ಮಗನ ಕೈ ಹಿಡಿದು ಎಳೆದುಕೊಂಡು ಬಂದಳು. ಭುಜದಲ್ಲಿ ಕೆಂಪು ಚೀಲ. ಮಗನ ಮುಂದಿನ ಹಲ್ಲು ಚೂರಾಗಿತ್ತು.

"ಡಬ್ಬಿ ಮುಚ್ಚಳನಾ?" ಎಂದೆ. ನಮಗೆ ನೋಡಿದ ಕೂಡಲೇ ತಿಳಿಯುತ್ತದೆ.

"ಹೂಂ. ಸ್ಕ್ರೂಡ್ರೈವರ್ ಮರೆತು ಹೋಗಿದ್ದ. ತಮಾಷೆ ಏನು ಗೊತ್ತಾ, ನಾನು ಅದೇ ಕಂಪನೀಲಿ ಹೊಸ ಮಾರ್ಕೆಟಿಂಗ್ ಮ್ಯಾನೇಜರ್. ಹೇಗಾದೆ ಅಂತ ನನಗೇ ಗೊತ್ತಿಲ್ಲ. ಯಾರೋ ಒಬ್ಬ ಮಹಾನುಭಾವ ಹೊರಗೆ ನನ್ನನ್ನ ಓಡಿಸೋಕೆ ನೋಡಿ, ಒಳಗೆ ಹೋಗಿ ಹೊಗಳಿದ್ನಂತೆ. ವಾಚ್‌ಮನ್‌ನಿಂದ ಹಿಡಿದು ಎಲ್ಲರಿಗೂ ಬಾಸ್‌ಗೆ ಕೊಡೋ ಮರ್ಯಾದೆ ಕೊಟ್ನಂತೆ. ಪರದೆ ಪರದೆ ಅಂತಿದ್ದ, ಪಾಪ."

ನಾನು ಟಿ.ವಿ. ಸದ್ದು ಕಡಿಮೆ ಮಾಡಿದೆ. "ಆ ಪಾಪ ನಮ್ಮ ಮನೇಲೇ ಇದೆ" ಎಂದೆ.

ಮಗನ ಹಲ್ಲಿನ ಕೆಲಸ ಮುಗಿಯುವವರೆಗೂ ನಾವಿಬ್ಬರೂ ಮಾತಾಡಿದೆವು. ನಡುನಡುವೆ ನಕ್ಕು ಕಣ್ಣು ಒರೆಸಿಕೊಂಡೆವು, ಕಾದು ಕೂತವರು ನೋವಿಗೆ ಅಳುತ್ತಿದ್ದೇವೆ ಅಂದುಕೊಂಡಿರಬೇಕು. ಹೊರಡುವಾಗ ಆಕೆ, "ಅವರು ಮಾರ್ಕೆಟಿಂಗ್‌ಗೆ ಬೇಡ ಕಣ್ರೀ, ಅಲ್ಲಿ ಆಗಲೇ ಹೊಗಳೋರು ಜಾಸ್ತಿ ಇದ್ದಾರೆ. ನಮ್ಮ ದೂರು ವಿಭಾಗದಲ್ಲಿ ಫೋನ್ ಎತ್ತೋಕೆ ಯಾರೂ ನಿಲ್ತಿಲ್ಲ. ಕರೆ ಮಾಡೋರೆಲ್ಲ ಬೈತಾರೆ, ಫೋನ್ ಎತ್ತಿದೋರೂ ವಾಪಸ್ ಬೈದು ಕೆಲಸ ಬಿಟ್ಟು ಹೋಗ್ತಾರೆ. ಅಲ್ಲಿಗೆ ಬೇಕಾಗಿರೋದು ಕರೆ ಮಾಡಿದ ಪ್ರತಿಯೊಬ್ಬರೂ ಬಾಸೇ ಅಂದ್ಕೊಳ್ಳೋ ಮನುಷ್ಯ. ನಾಳೆ ಕಳಿಸಿ" ಎಂದಳು.

"ಮುಚ್ಚಳ?"

"ಅದು ನನ್ನ ಮೊದಲ ಕೆಲಸ. ಇವನ ಹಲ್ಲಿನ ಮೇಲಾಣೆ."

ಹೀಗೆ ನಮ್ಮ ಯಜಮಾನರು ಆ ಕಂಪನಿ ಸೇರಿದರು. ಕಿವಿಗೆ ಫೋನ್ ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬೈಸಿಕೊಳ್ಳುವುದು ಕೆಲಸ. ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ, ಮೇಲಿನವರು ಕೇಳುತ್ತಾರೆ. ಇವರು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ, ಯಾರಾದರೂ ಜೋರಾಗಿ ಬೈದರೆ ಅವರೇ ಕಂಪನಿಯ ಅಧ್ಯಕ್ಷರು ಎಂದು ನಂಬುತ್ತಾರೆ. ಬಹಳ ಒಳ್ಳೆಯ ಹೆಸರು ಬಂದಿದೆ.

ಮೊದಲ ವಾರವೇ ಮಗಳ ಡಬ್ಬಿ ಮತ್ತೆ ಹಾಗೇ ವಾಪಸ್ ಬಂತು. ಮರುದಿನ ಮಧ್ಯಾಹ್ನ ಕ್ಲಿನಿಕ್ಕಿನಿಂದ ಡಬ್ಬಿಯ ತಳದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.

"ನಮಸ್ಕಾರ, ತಮ್ಮ ಸೇವೆಗೆ ನಾನು..." ಎಂಬ ಮೃದು ಧ್ವನಿ ಕೇಳಿಸಿತು. ಅವರದೇ.

"ರೀ ಸ್ವಾಮಿ, ನನ್ನ ಮಗಳು ನಿನ್ನೆ ಊಟ ಮಾಡಿಲ್ಲ. ಇದಕ್ಕೆ ಯಾರು ಜವಾಬ್ದಾರಿ?"

ಆ ಕಡೆ ಕುರ್ಚಿ ಕಿರ್ ಎಂದಿತು. ಧ್ವನಿ ಗುರುತು ಹತ್ತಿತು ಎಂದು ಆ ಸದ್ದಿನಲ್ಲೇ ನನಗೆ ತಿಳಿಯಿತು. "ಮೇಡಂ, ಈ ಕರೆ ರೆಕಾರ್ಡ್ ಆಗ್ತಿದೆ" ಎಂದರು, ಬೇಡಿಕೊಳ್ಳುವವರ ಹಾಗೆ.

"ಆಗ್ಲಿ. ತಪ್ಪು ಯಾರದ್ದು ಹೇಳಿ."

"ತಪ್ಪು ನಮ್ಮದೇ ಮೇಡಂ. ತಮಗೆ ಆದ ತೊಂದರೆಗೆ ದಯವಿಟ್ಟು ಕ್ಷಮಿಸಿ. ತಮ್ಮ ತಾಳ್ಮೆ ದೊಡ್ಡದು."

ಮದುವೆಯಾದಾಗಿನಿಂದ ಆ ಬಾಯಿಂದ ಇದರಲ್ಲಿ ಒಂದು ಮಾತನ್ನೂ ನಾನು ಕೇಳಿರಲಿಲ್ಲ. "ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದು ಸಲ ಹೇಳಿ" ಎಂದೆ. ಹೇಳಿದರು.

ಈಗ ಹೊಸ ಮುಚ್ಚಳ ಬಂದಿದೆ. ಕೂಸೂ ತೆಗೆಯಬಹುದು, ಸೋರುವುದೂ ಇಲ್ಲ. ಮಗಳು ತಟ್ಟೆ ನೆಕ್ಕಿದ ಹಾಗೆ ಡಬ್ಬಿ ಖಾಲಿ ಮಾಡಿಕೊಂಡು ಬರುತ್ತಾಳೆ. ನಮ್ಮ ಡಾಕ್ಟರು ಮಾತ್ರ ಸ್ವಲ್ಪ ಬೇಜಾರಾಗಿದ್ದಾರೆ. ಹಳೆಯ ಡಬ್ಬಿ ತಂದುಕೊಟ್ಟರೆ ಹೊಸದು ಕೊಡುತ್ತಾರಂತೆ, ಬೀದಿಯವರೆಲ್ಲ ಬದಲಾಯಿಸಿಕೊಂಡರು. "ನೀನ್ಯಾಕೆ ಆ ದರಿದ್ರ ಡಬ್ಬೀನ ಇನ್ನೂ ಇಟ್ಕೊಂಡಿದ್ದೀಯಾ?" ಎಂದು ಅತ್ತೆ ಕೇಳುತ್ತಾರೆ.

ನಾನು ಅದನ್ನು ಒರೆಸಿ, ಕ್ಲಿನಿಕ್ಕಿನ ಮೇಜಿನ ಡ್ರಾಯರಿನಲ್ಲಿ, ಫೋನಿನ ಪಕ್ಕದಲ್ಲೇ ಜೋಪಾನವಾಗಿ ಇಟ್ಟಿದ್ದೇನೆ. ದೂರು ಕೊಡುವಾಗ ಕೈಯಲ್ಲಿ ಸಾಮಾನು ಇರಬೇಕಲ್ಲ.